ಓದುಗರ ಪ್ರಶ್ನೆ: ಪೇಟೆ ಬಿಟ್ಟು ಹೋದ ಹೆದ್ದಾರಿ, ಬೆನ್ನು ಹತ್ತಿದ ಪೇಟೆ

ಪ್ರಶ್ನೆ: ಮಂಗಳೂರು–ಉಡುಪಿ ಹೆದ್ದಾರಿ ಮೊದಲು ಉಡುಪಿ ಪೇಟೆಯೊಳಗೇ ಹಾದುಹೋಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಅದು ಯಾವ ದಾರಿ?
– ಓದುಗರು, ಕಟಪಾಡಿ

ಉತ್ತರ: ಆ ದಾರಿ ಎಲ್ಲೂ ಹೋಗಿಲ್ಲ, ಬಸ್ಸುಗಳು ಈಗಲೂ ಅದರಲ್ಲೇ ಓಡುತ್ತವೆ. ಮಂಗಳೂರಿನ ಕಡೆಯಿಂದ ಬರುವಾಗ ಉದ್ಯಾವರ, ಬಲಾಯಿಪಾದೆ ಕಳೆದು ಬಲಕ್ಕೆ ಒಳಹೊಕ್ಕರೆ ಕಿನ್ನಿಮುಲ್ಕಿ. ಅಲ್ಲಿಂದ ಜೋಡುಕಟ್ಟೆ, ಬಸ್ ನಿಲ್ದಾಣ, ಕಲ್ಸಂಕ, ಗುಂಡಿಬೈಲು ದಾಟಿ ಅಂಬಾಗಿಲಿನಲ್ಲಿ ಮತ್ತೆ ಹೆದ್ದಾರಿ ಸಿಗುತ್ತದೆ. ಬೈಪಾಸ್ ಕಿನ್ನಿಮುಲ್ಕಿಯಲ್ಲೇ ಕವಲೊಡೆದು ಪೇಟೆಯ ಪಡುಬದಿಯಲ್ಲಿ ಅಂಬಲಪಾಡಿ, ಕರಾವಳಿ ಜಂಕ್ಷನ್, ನಿಟ್ಟೂರು ಮೂಲಕ ಅದೇ ಅಂಬಾಗಿಲಿಗೆ ಬಂದು ಸೇರುತ್ತದೆ. ಮಣಿಪಾಲಕ್ಕೆ ಹೋಗುವವರು ಕಲ್ಸಂಕದ ದಟ್ಟಣೆ ತಪ್ಪಿಸಬೇಕಿದ್ದರೆ ತೆಂಕಿನಿಂದ ಬರುವಾಗ ಕೊರಂಗ್ರಪಾಡಿ–ಅಲೆವೂರು ರಸ್ತೆ, ಬಡಗಿನಿಂದ ಬರುವಾಗ ಅಂಬಾಗಿಲು–ಪೆರಂಪಳ್ಳಿ ರಸ್ತೆ ಹಿಡಿಯುವುದು ಒಳ್ಳೆಯದು.

ಪ್ರಶ್ನೆ: ಬೈಪಾಸ್ ಆಗಿಯೂ ಅಂಬಲಪಾಡಿಯಂಥ ಕಡೆ ಅಷ್ಟೊಂದು ಅಪಘಾತ ಯಾಕೆ? ರಸ್ತೆ ಅಗಲವಾದರೆ ಅಪಾಯ ಕಡಿಮೆಯಾಗಬೇಕಿತ್ತಲ್ಲವೇ?
– ಓದುಗರು, ಕಿದಿಯೂರು

ಉತ್ತರ: ಅಗಲವಾದಾಗ ಕಡಿಮೆಯಾಗುವುದು ಎದುರುಬದುರು ಡಿಕ್ಕಿ ಮಾತ್ರ. ಅಡ್ಡ ದಾಟುವವರ ಅಪಾಯ ಹೆಚ್ಚೇ ಆಗುತ್ತದೆ. ಒಂದು ಲೇನ್ ಮೂರೂವರೆ ಮೀಟರ್. ಚತುಷ್ಪಥದಲ್ಲಿ ಒಂದೊಂದು ದಿಕ್ಕಿಗೆ ಏಳು ಮೀಟರ್, ನಡುವೆ ಮೀಡಿಯನ್ (ರಸ್ತೆ ವಿಭಜಕ). ಬ್ರಹ್ಮಗಿರಿಯಿಂದ ಅಂಬಲಪಾಡಿ ದೇವಸ್ಥಾನದ ಕಡೆಗೆ ದಾಟುವವರು ಎರಡು ಸಲ, ಎರಡು ಬೇರೆ ದಿಕ್ಕಿನ ವಾಹನಗಳ ವೇಗ ಅಂದಾಜು ಮಾಡಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ಕಂಡು, ಬ್ರೇಕ್ ಒತ್ತಿ, ನಿಲ್ಲಿಸಲು 120 ಮೀಟರ್ ಬೇಕು ಎಂಬುದು ನಮ್ಮ ರಸ್ತೆ ವಿನ್ಯಾಸದ ಲೆಕ್ಕ. ನಿಂತ ಬಸ್ಸೊಂದು ಆ ನೋಟವನ್ನು ಮರೆಮಾಡಿದರೆ ಈ ಲೆಕ್ಕ ಅಲ್ಲಿಗೇ ಕೆಡುತ್ತದೆ.

ಇನ್ನೊಂದು ಕಾರಣವನ್ನು ನಾವೇ ಮಾಡಿಕೊಂಡಿದ್ದೇವೆ. ಬೈಪಾಸ್ ಬೈಪಾಸಾಗಿ ಉಳಿಯಬೇಕಾದರೆ ಅಂಗಡಿ, ಹೊಟೇಲು, ಮನೆಗಳ ಗೇಟು ಅದಕ್ಕೆ ನೇರವಾಗಿ ತೆರೆಯಬಾರದು. ಎಲ್ಲವೂ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಗೆ ಬಂದು, ಅಲ್ಲಿಂದ ಗೊತ್ತುಪಡಿಸಿದ ಜಾಗದಲ್ಲಷ್ಟೇ ಹೆದ್ದಾರಿ ಸೇರಬೇಕು. ಸರ್ವಿಸ್ ರಸ್ತೆ ಅಲ್ಲಲ್ಲಿ ತುಂಡಾದರೆ ಏನಾಗುತ್ತದೆ? ಮುನ್ನೂರು ಮೀಟರ್ ಆಚೆಯ ಅಂಗಡಿಗೆ ಹೋಗಬೇಕಾದ ಸ್ಕೂಟರಿನವರು ಎರಡು ಕಿ.ಮೀ. ಸುತ್ತುವ ಬದಲು ಅಂಚಿನಲ್ಲಿ ವಿರುದ್ಧ ದಿಕ್ಕಿನಲ್ಲಿ ಬರುತ್ತಾರೆ. ಅವರಿಗೆ ದಂಡ ಹಾಕುವುದು ಸರಿಯೇ. ಆದರೆ ತುಂಡಾದ ಸರ್ವಿಸ್ ರಸ್ತೆ ಜೋಡಿಸದೆ ಆ ಚಾಳಿ ನಿಲ್ಲುವುದಿಲ್ಲ. ಕರಾವಳಿ ಜಂಕ್ಷನ್ ನೋಡಿ: ಹೆದ್ದಾರಿ ಮೇಲೆ, ಮಲ್ಪೆ ರಸ್ತೆ ಕೆಳಗೆ. ಮೀನಿನ ಲಾರಿಗೂ ಕಾಸರಗೋಡಿನ ಟ್ಯಾಂಕರಿಗೂ ಮುಖಾಮುಖಿಯೇ ಇಲ್ಲ. ಇಂಥ ಕೂಡುರಸ್ತೆಗೆ ಸಿಗ್ನಲ್, ಹಂಪ್‌ಗಳಿಗಿಂತ ಕೆಳಸೇತುವೆಯೇ ಸರಿಯಾದ ಮದ್ದು.

ಪ್ರಶ್ನೆ: ಪ್ರತಿ ಮಳೆಗಾಲ ಹೆದ್ದಾರಿಯಲ್ಲಿ ಅದೇ ಜಾಗದಲ್ಲೇ ಹೊಂಡ ಬೀಳುತ್ತದೆ. ತೇಪೆ ಹಾಕಿದ್ದು ಹದಿನೈದು ದಿನವೂ ನಿಲ್ಲುವುದಿಲ್ಲ. ಡಾಂಬರು ಕಳಪೆಯೇ?
– ಓದುಗರು, ಸುರತ್ಕಲ್

ಉತ್ತರ: ಅದೇ ಜಾಗ ಎಂದಿರಲ್ಲ, ಉತ್ತರ ಅದರಲ್ಲೇ ಇದೆ. ಡಾಂಬರು ಕಳಪೆಯಾದರೆ ಉದ್ದಕ್ಕೂ ಕಿತ್ತುಹೋಗಬೇಕು. ಒಂದೇ ಕಡೆ ಮರಳಿ ಮರಳಿ ಬಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದು ಅರ್ಥ. ಮಳೆ ಜೋರಾದ ನಮ್ಮ ಕಡೆ ರಸ್ತೆಗೆ ಶೇ. 2.5ರ ಓರೆ ಕೊಡುತ್ತಾರೆ. ಏಳು ಮೀಟರ್ ಅಗಲಕ್ಕೆ ಒಂದು ಅಂಚಿಗಿಂತ ಇನ್ನೊಂದು 17.5 ಸೆಂ.ಮೀ. ತಗ್ಗು. ಹಳೆಯ ಪದರದ ಮೇಲೆ ಹೊಸ ಪದರ ಹಾಕುತ್ತಾ ಹೋದಾಗ ಈ ಓರೆ ಮಾಯವಾಗುತ್ತದೆ. ಪಕ್ಕದ ಮಣ್ಣು, ಹುಲ್ಲು ಎತ್ತರಕ್ಕೆ ಬೆಳೆದು ನೀರು ಕಣಿಗೆ (ಚರಂಡಿಗೆ) ಇಳಿಯುವುದೂ ನಿಲ್ಲುತ್ತದೆ. ತಿರುವುಗಳಲ್ಲಿ ಇನ್ನೂ ಕಷ್ಟ: ಅಲ್ಲಿ ಹೊರಬದಿಯ ರಸ್ತೆ ಮೀಡಿಯನ್ ಕಡೆಗೆ ವಾಲಿರುತ್ತದೆ. ಮೀಡಿಯನ್ ಬುಡದ ನೀರಿನ ಕಂಡಿಯಲ್ಲಿ ಪ್ಲಾಸ್ಟಿಕ್, ಮರಳು ತುಂಬಿದರೆ ವೇಗದ ಲೇನಿನಲ್ಲೇ ಕೆರೆ.

ನಿಂತ ನೀರು ಸಣ್ಣ ಬಿರುಕಿನಲ್ಲಿ ಇಳಿದು ಜಲ್ಲಿಗೂ ಡಾಂಬರಿಗೂ ನಡುವೆ ಸೇರುತ್ತದೆ. ಲಾರಿಯ ಚಕ್ರ ಹಾದಾಗ ಆ ನೀರಿಗೆ ಒತ್ತಡ ಬಿದ್ದು ಡಾಂಬರನ್ನು ಜಲ್ಲಿಯಿಂದ ಸುಲಿದುಹಾಕುತ್ತದೆ. ಮೊದಲು ಬಿಡಿ ಜಲ್ಲಿ ಅಂಚಿಗೆ ಬಂದು ಬೀಳುವುದು ಕಾಣುತ್ತದೆ. ಅದು ಕಂಡಾಗಲೇ ದುರಸ್ತಿ ಮಾಡಿದರೆ ಅಂಗೈಯಗಲದ ಕೆಲಸ. ವಾರ ಬಿಟ್ಟರೆ ಕೆಳಗಿನ ಜಲ್ಲಿ ಪದರವೂ ಕದಡಿರುತ್ತದೆ.

ತೇಪೆ ನಿಲ್ಲದಿರುವುದು ಹಾಕುವ ಕ್ರಮದಿಂದ. ಹೊಂಡಕ್ಕೆ ಮಿಶ್ರಣ ಸುರಿದು ಸಲಿಕೆಯಲ್ಲಿ ತಟ್ಟಿದರೆ ಅಂಚು ಹಿಡಿಯುವುದೇ ಇಲ್ಲ. ಹೊಂಡದ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕವಾಗಿ, ಅಂಚು ನೇರ ನಿಲ್ಲುವಂತೆ ಕತ್ತರಿಸಬೇಕು. ನೀರು, ಕೆಸರು ಪೂರ್ತಿ ತೆಗೆದು ಒಣಗಿಸಬೇಕು. ತಳಕ್ಕೂ ಅಂಚಿಗೂ ಡಾಂಬರಿನ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ತೆಳುವಾಗಿ ಬಳಿಯಬೇಕು. ಅತಿಯಾದರೆ ತೇಪೆ ಜಾರುತ್ತದೆ. ಆಳ ಹೆಚ್ಚಿದ್ದರೆ ಒಂದೇ ಸಲ ತುಂಬದೆ, ಪದರ ಪದರವಾಗಿ ಹಾಕಿ ಪ್ರತಿ ಪದರವನ್ನೂ ರೋಲರಿನಿಂದ ಒತ್ತಬೇಕು. ಬಿಸಿ ಮಿಶ್ರಣವನ್ನು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹರಡಿ, 90ಕ್ಕೆ ಇಳಿಯುವ ಮೊದಲೇ ರೋಲಿಂಗ್ ಮುಗಿಸಬೇಕು. ಜುಲೈ ಮಳೆಯಲ್ಲಿ ಇದು ಆಗದ ಮಾತು. ಆಗ ತಣ್ಣನೆಯ ಮಿಶ್ರಣದಿಂದ ತಾತ್ಕಾಲಿಕವಾಗಿ ಮುಚ್ಚಿ, ಮಳೆ ಬಿಟ್ಟಮೇಲೆ ಕಿತ್ತು ಸರಿಯಾಗಿ ಮಾಡುವುದೊಂದೇ ದಾರಿ. ಎಲ್ಲಕ್ಕಿಂತ ಮೊದಲು, ಮೇ ತಿಂಗಳಲ್ಲೇ ಕಣಿ ಬಿಡಿಸಬೇಕು. ನೀವು ದೂರು ಕೊಡುವಾಗ ಹೊಂಡದ ಫೋಟೊ ಜತೆಗೆ ಪಕ್ಕದ ಕಣಿಯ ಫೋಟೊ ಮತ್ತು ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಸೇರಿಸಿ.

ಪ್ರಶ್ನೆ: ಮಂಗಳೂರಿನ ನಂತೂರಿನಲ್ಲೇ ಎಲ್ಲ ವಾಹನಗಳೂ ಯಾಕೆ ಸಿಕ್ಕಿಹಾಕಿಕೊಳ್ಳುತ್ತವೆ? ಪಡೀಲ್ ಬೈಪಾಸ್ ಇದೆಯಲ್ಲ?
– ಓದುಗರು, ಕುಲಶೇಖರ

ಉತ್ತರ: ಆ ಬೈಪಾಸ್ ಹಿಡಿಯಲಿಕ್ಕೂ ನಂತೂರಿಗೇ ಬರಬೇಕು. ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಹೊರಟ ಲಾರಿ ಕೂಳೂರು, ಕೊಟ್ಟಾರ ಚೌಕಿ, ಕೆಪಿಟಿ ದಾಟಿ ನಂತೂರಿನಲ್ಲಿ ಎಡಕ್ಕೆ ಹೊರಳಿ, ಬಿಕರ್ನಕಟ್ಟೆ ಕೈಕಂಬದಿಂದ ಪಡೀಲ್, ಬಿ.ಸಿ. ರೋಡ್ ಸೇರುತ್ತದೆ. ಮೂಡುಬಿದಿರೆಯ ವಾಹನಗಳೂ ಅದೇ ಕೈಕಂಬದ ಮೂಲಕ ನಂತೂರಿಗೆ ಬರುತ್ತವೆ. ಕೇರಳದ ಕಡೆಯವು ಪಂಪ್‌ವೆಲ್‌ನಿಂದ ಏರಿ ಬರುತ್ತವೆ, ಊರಿನವರು ಮಲ್ಲಿಕಟ್ಟೆಯಿಂದ. ಪಂಪ್‌ವೆಲ್‌ನಲ್ಲಿ ಮೇಲ್ಸೇತುವೆ 2020ರ ಜನವರಿ ಕೊನೆಗೆ ತೆರೆಯಿತು. ಅದು ಅಲ್ಲಿನ ಗಂಟು ಬಿಡಿಸಿತು, ನಂತೂರಿನದನ್ನಲ್ಲ. ನಂತೂರಿನಲ್ಲಿ ನೇರ ಹೋಗುವವರನ್ನೂ ತಿರುಗುವವರನ್ನೂ ಬೇರೆ ಬೇರೆ ಮಟ್ಟಕ್ಕೆ ಹಾಕಲೇಬೇಕು. ವೃತ್ತ ಎಷ್ಟು ದೊಡ್ಡದು ಮಾಡಿದರೂ ಸಾಲದು.

ಪ್ರಶ್ನೆ: ನಮ್ಮ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 17 ಇದ್ದದ್ದು 66 ಆಯಿತು. ಮಲ್ಪೆಗೆ 169ಎ. ಈ ಸಂಖ್ಯೆಗಳಿಗೆ ಲೆಕ್ಕ ಉಂಟೇ?
– ಓದುಗರು, ಹಿರಿಯಡ್ಕ

ಉತ್ತರ: ಉಂಟು. 2010ರ ಮರುಸಂಖ್ಯೆಯಲ್ಲಿ ಬಡಗು–ತೆಂಕು ಹೆದ್ದಾರಿಗಳಿಗೆ ಸಮಸಂಖ್ಯೆ, ಮೂಡಣದಿಂದ ಪಡುವಣಕ್ಕೆ ಏರುತ್ತಾ ಬರುತ್ತದೆ. ಹಾಗಾಗಿ ಪಡುಕರಾವಳಿಗೆ 66ರಂಥ ದೊಡ್ಡ ಸಂಖ್ಯೆ. ಮೂಡು–ಪಡು ಹೆದ್ದಾರಿಗಳಿಗೆ ಬೆಸಸಂಖ್ಯೆ, ಬಡಗಿನಿಂದ ತೆಂಕಿಗೆ ಏರುತ್ತದೆ. ನಮ್ಮ 73, 75 ಹಾಗೆ ಬಂದವು. ಮೂರಂಕಿಯದು ಕವಲು. ಹೊನ್ನಾವರದಿಂದ ಶಿವಮೊಗ್ಗ ಮೂಲಕ ಹೋಗುವ 69ರ ಕವಲು 169, ಶಿವಮೊಗ್ಗದಿಂದ ಮಂಗಳೂರಿಗೆ ಬರುವಂಥದ್ದು. ಅದರಿಂದ ತೀರ್ಥಹಳ್ಳಿಯಲ್ಲಿ ಒಡೆದು ಆಗುಂಬೆ ಘಾಟಿ ಇಳಿದು, ಹೆಬ್ರಿ, ನಿಮ್ಮ ಹಿರಿಯಡ್ಕ, ಮಣಿಪಾಲ ಹಾದು ಮಲ್ಪೆಗೆ ಮುಟ್ಟುವುದು 169ಎ.