ಹೈಬ್ರಿಡ್ ಗಾಡಿಗೆ ಕಂಪನಿ ಕೂಲಂಟೋ, ಹೊರಗಿನದೋ? ಮಂಡ್ಯದ ಅಣ್ಣನ ಪ್ರಶ್ನೆಗೆ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡುವ ಟೊಯೊಟಾ ಹೈರೈಡರ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್, ಬ್ಯಾಟರಿ ಮೋಟಾರ್ ಎರಡೂ ಇರುವ ಗಾಡಿ), ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ, ಮಾಮೂಲಿ ವಾರಂಟಿ ಮುಗಿದಿದೆ. ಎಂಜಿನ್ ಕಡೆ, ಇನ್ವರ್ಟರ್ (ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸುವ ಪೆಟ್ಟಿಗೆ) ಕಡೆ ಎರಡೂ ಕೂಲಂಟ್, ಅಂದರೆ ತಣ್ಣಗಿಡುವ ದ್ರವ, ಬದಲಿಸಿ ಎಂದು ಸರ್ವೀಸ್ ಸೆಂಟರ್‌ನವರು ಹೇಳಿದ್ದಾರೆ. ಪೇಟೆಯ ಸ್ಪೇರ್ ಅಂಗಡಿಯವರು 'ಇದೂ ಪಿಂಕೇ, ಅರ್ಧ ಬೆಲೆ' ಎಂದು ಬೇರೆ ಕ್ಯಾನ್ ತೋರಿಸಿದ್ದಾರೆ. ಇಲ್ಲಿ ಕೆಲವರು 'ಕಂಪನಿದು ಬಿಟ್ಟು ಬೇರೆ ಮುಟ್ಟಲೇಬೇಡಿ' ಎಂದರು. ಇನ್ನು ಕೆಲವರು 'ಎಲ್ಲಾ ಒಂದೇ, ಸುಮ್ನೆ ದುಡ್ಡು ಕೀಳ್ತಾರೆ' ಎಂದರು. ಎರಡೂ ಪೂರ್ತಿ ಸರಿಯಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇನ್ವರ್ಟರ್ ಕಡೆಗೆ ಕಂಪನಿ ಕೂಲಂಟೇ ಹಾಕಿಸಿ. ಎಂಜಿನ್ ಕಡೆಗೆ ಹೊರಗಿನದು ಹಾಕಬಹುದು, ಆದರೆ ಕ್ಯಾನ್ ಹಿಂದೆ ಬರೆದಿರುವ ವಿವರ ನಿಮ್ಮ ಗಾಡಿಗೆ ಹೊಂದಿದರೆ ಮಾತ್ರ.

'ಪಿಂಕೇ' ಎನ್ನುವ ಮಾತು ಮರೆತುಬಿಡಿ. ಬಣ್ಣ ಬರೀ ಬಣ್ಣ. ಒಳಗಿನ ತುಕ್ಕು ತಡೆಯುವ ಇಂಥ ಮದ್ದಿಗೆ ಇಂಥದೇ ಬಣ್ಣ ಹಾಕಬೇಕು ಎಂಬ ಕಟ್ಟುನಿಟ್ಟು ಎಲ್ಲೂ ಇಲ್ಲ. ಯುರೋಪಿನ ಗಾಡಿಗಳ ಕೂಲಂಟಿನಲ್ಲೂ ಪಿಂಕ್ ಇದೆ, ಟೊಯೊಟಾದ್ದೂ ಪಿಂಕ್. ಒಳಗಿನ ಸರಕು ಬೇರೆ ಬೇರೆ. ಹೋಂಡಾದ ಟೈಪ್ 2 ನೀಲಿ, ಟೊಯೊಟಾದ ಹಳೆಯ ಲಾಂಗ್ ಲೈಫ್ ಕೂಲಂಟ್ ಕೆಂಪು. ಬಣ್ಣ ಇರುವುದು ಸೋರಿದಾಗ ಕಣ್ಣಿಗೆ ಕಾಣಲಿ ಎಂದು, ಒಂದೇ ಕಂಪನಿಯ ಎರಡು ಬಗೆ ಅದಲುಬದಲಾಗದಿರಲಿ ಎಂದು.

ಹಾಗಾದರೆ ಒಳಗೇನಿದೆ? ಹೆಚ್ಚು ಕಮ್ಮಿ ಎಲ್ಲಾ ಕೂಲಂಟಿನ ಬುಡ ಒಂದೇ: ಎಥಿಲೀನ್ ಗ್ಲೈಕಾಲ್ ಮತ್ತು ನೀರು. ಅರ್ಧಕ್ಕರ್ಧ ಬೆರೆಸಿದರೆ ಅದು ಹೆಪ್ಪುಗಟ್ಟುವುದು ಮೈನಸ್ 37 ಡಿಗ್ರಿ ಹತ್ತಿರ, ಕುದಿಯುವುದು 107 ಡಿಗ್ರಿ ಆಸುಪಾಸಿನಲ್ಲಿ. ಮುಚ್ಚಳದ ಒತ್ತಡ ಸೇರಿದರೆ ಕುದಿಯುವುದು ಇನ್ನೂ ಮೇಲೆ ಹೋಗುತ್ತದೆ. ಕಲ್ಹಟ್ಟಿ ಘಾಟ್ ಹತ್ತಿ ಊಟಿಗೆ ಹೋದರೂ ಮೈನಸ್ 37 ನಮಗೆ ಬೇಕಾಗುವುದಿಲ್ಲ. ಹಾಗಂತ ನೀರು ಜಾಸ್ತಿ ಹಾಕಿದರೆ ತುಕ್ಕು ತಡೆಯುವ ಮದ್ದೂ ಅಷ್ಟೇ ತೆಳುವಾಗುತ್ತದೆ. ನಮಗೆ ಮುಖ್ಯ ಆ ಮದ್ದೇ. ಬೆಲೆಯ ವ್ಯತ್ಯಾಸ, ಗುಣದ ವ್ಯತ್ಯಾಸ ಎರಡೂ ಬಹುಪಾಲು ಅಲ್ಲೇ ಇರುವುದು.

ಜಪಾನಿನವರು ಸಾವಯವ ಆಮ್ಲದ ಜೊತೆ ಫಾಸ್ಫೇಟ್ ಹಾಕುತ್ತಾರೆ, ಸಿಲಿಕೇಟ್ ಹಾಕುವುದಿಲ್ಲ. ಫಾಸ್ಫೇಟ್ ಅಲ್ಯೂಮಿನಿಯಂ ಮೇಲೆ ಬೇಗ ಪೊರೆ ಕಟ್ಟುತ್ತದೆ. ಪಂಪಿನ ರೆಕ್ಕೆಯ ಹತ್ತಿರ ಗುಳ್ಳೆ ಒಡೆದು ಲೋಹ ಕೆರೆಯುವ ಜಾಗದಲ್ಲಿ ಆ ಪೊರೆ ಹೋದಷ್ಟೇ ಬೇಗ ಮತ್ತೆ ಬರಬೇಕು. ಸಿಲಿಕೇಟ್ ಕೆಟ್ಟರೆ ಅಂಟಂಟಾಗಿ ಕೆಳಗೆ ಕೂರುತ್ತದೆ, ಪಂಪಿನ ಸೀಲ್ ಸವೆಸುತ್ತದೆ ಎಂಬುದು ಅವರ ಲೆಕ್ಕ. ಯುರೋಪಿನವರದು ತಿರುಗುಮುರುಗು. ಅಲ್ಲಿ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಫಾಸ್ಫೇಟ್ ಸೇರಿದರೆ ಬಿಳಿ ಗಸಿ ಬೀಳುತ್ತದೆ. ಅದಕ್ಕೇ ಅಲ್ಲಿ ಫಾಸ್ಫೇಟ್ ಬೇಡವೆಂದು ಸಿಲಿಕೇಟ್ ಇಟ್ಟುಕೊಂಡರು. ಅವರವರ ಗಾಡಿಗೆ ಎರಡೂ ಸರಿಯೇ. ಒಂದರೊಳಗೆ ಇನ್ನೊಂದು ಸುರಿದರೆ ಎರಡರ ಆಯಸ್ಸೂ ಕಮ್ಮಿಯಾಗುತ್ತದೆ.

ಮೂರನೆಯ ಬಗೆ ನಮ್ಮ ಕಡೆ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ: ಕಬ್ಬಿನ ಲಾರಿ, ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ ಕೂಲಂಟ್. ದೊಡ್ಡ ಡೀಸೆಲ್ ಎಂಜಿನ್ನಿನ ಲೈನರ್‌ನಲ್ಲಿ (ಸಿಲಿಂಡರಿನ ಒಳಗಿನ ಲೋಹದ ಕೊಳವೆ) ಸಣ್ಣ ಸಣ್ಣ ಗುಂಡಿ ಬೀಳದಿರಲಿ ಎಂದು ಅಂಥ ಹಲವು ಕೂಲಂಟ್‌ಗಳಿಗೆ ನೈಟ್ರೈಟ್ ಸೇರಿಸಿರುತ್ತಾರೆ. ನಿಮ್ಮ ಗಾಡಿಗೆ ಆ ಕೆಲಸವೇ ಇಲ್ಲ. ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ ಕ್ಯಾನ್ ಉಳಿದಿದೆ ಎಂದು ಇದಕ್ಕೆ ಸುರಿಯಬೇಡಿ.

ಈಗ ಅಂಗಡಿಗೆ ಹೋದಾಗ ಏನು ನೋಡಬೇಕು ಅಂದರೆ, ಕ್ಯಾನಿನ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಏಷ್ಯಾದ ಗಾಡಿಗಳಿಗೆ, ಫಾಸ್ಫೇಟ್ ಇರುವ ಹೈಬ್ರಿಡ್ ಸಾವಯವ ಆಮ್ಲದ ಬಗೆ ಎಂದಿರಬೇಕು. ಪಿ-ಹೋಟ್ (P-HOAT) ಅಥವಾ ಪಿ-ಓಎಟಿ (P-OAT) ಎಂದೂ ಬರೆದಿರುತ್ತಾರೆ. ಇಲ್ಲಿ 'ಹೈಬ್ರಿಡ್' ಎಂದರೆ ಮದ್ದಿನ ಬೆರಕೆ, ನಿಮ್ಮ ಹೈಬ್ರಿಡ್ ಗಾಡಿಗೆ ಅಂತ ಅಲ್ಲ. ಈ ಒಂದು ಪದ ನೋಡಿ ತಪ್ಪು ಕ್ಯಾನ್ ತಂದವರಿದ್ದಾರೆ. ಸಿಲಿಕೇಟ್, ಬೋರೇಟ್, ನೈಟ್ರೈಟ್, ಅಮೀನ್ ಇಲ್ಲ ಎಂದು ಬರೆದಿರಬೇಕು. ಜಪಾನಿನ ಜಿಸ್ ಕೆ (JIS K) 2234, ಅಮೆರಿಕದ ಎಎಸ್‌ಟಿಎಂ ಡಿ (ASTM D) 3306, ನಮ್ಮ ಐಎಸ್ (IS) 5759 ಎಂಬ ಗುಣಮಟ್ಟದ ಗುರುತುಗಳಲ್ಲಿ ಯಾವುದಾದರೂ ಇದ್ದರೆ ಒಳ್ಳೆಯದು. ಆದರೆ ಅವು ಕನಿಷ್ಠ ಮಟ್ಟವಷ್ಟೇ, ಅದೊಂದನ್ನೇ ನೋಡಿ ತರಬೇಡಿ. 'ಎಲ್ಲಾ ಗಾಡಿ, ಎಲ್ಲಾ ಬಣ್ಣಕ್ಕೂ ಆಗುತ್ತದೆ' ಎಂದು ಮಾತ್ರ ಬರೆದು, ಒಳಗೇನಿದೆ ಎಂದು ಹೇಳದ ಕ್ಯಾನ್ ನಾನಂತೂ ತರುವುದಿಲ್ಲ. ಐಸಿನ್‌ನಂಥ ಟೊಯೊಟಾ ಬಳಗದ ಕಂಪನಿಗಳೂ ತಮ್ಮ ಹೆಸರಲ್ಲಿ ಕೂಲಂಟ್ ಮಾರುತ್ತವೆ. ಅಂಥದು ಸರಿಯಾದ ಅಂಗಡಿಯಲ್ಲಿ, ಸೀಲ್ ಗಟ್ಟಿಯಾಗಿದ್ದು, ಬಿಲ್ ಸಮೇತ ಸಿಕ್ಕರೆ ಎಂಜಿನ್ ಕಡೆಗೆ ಧೈರ್ಯವಾಗಿ ಹಾಕಬಹುದು.

ಬೆಲೆ ಹೋಲಿಸುವಾಗ ಇನ್ನೊಂದು ಗಮನಿಸಿ. ಟೊಯೊಟಾದ ಪಿಂಕ್ ಸೂಪರ್ ಲಾಂಗ್ ಲೈಫ್ ಕೂಲಂಟ್ ನೀರು ಬೆರೆಸಿಯೇ ಬರುತ್ತದೆ, ಸರಿಸುಮಾರು ಅರ್ಧಕ್ಕರ್ಧ. ಅದಕ್ಕೆ ಮತ್ತೆ ನೀರು ಹಾಕಬಾರದು. ಹೊರಗಿನದರಲ್ಲಿ ಕೆಲವು ಗಟ್ಟಿ, ಕೆಲವು ಬೆರೆಸಿದ್ದು. ಒಂದು ಲೀಟರ್ ಗಟ್ಟಿಯದು ಎರಡು ಲೀಟರ್ ಆಗುತ್ತದೆ. ಹಾಗಾಗಿ ಕ್ಯಾನಿನ ಬೆಲೆ ಬಿಟ್ಟು, ಗಾಡಿಯೊಳಗೆ ಹೋಗುವ ಒಂದು ಲೀಟರಿಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಆಮೇಲೆ ಅದನ್ನು ಎಷ್ಟು ಸಾವಿರ ಕಿಲೋಮೀಟರಿಗೆ ಬದಲಿಸಬೇಕು ಎಂದೂ ನೋಡಿ. ಟೊಯೊಟಾದ ಮಾಮೂಲಿ ಲೆಕ್ಕದಲ್ಲಿ ಎಂಜಿನ್ ಕಡೆ ಮೊದಲ ಬದಲಾವಣೆ 1,60,000 ಕಿಲೋಮೀಟರಿಗೆ, ಆಮೇಲೆ ಪ್ರತಿ 80,000ಕ್ಕೆ. ಹೊರಗಿನದು 40,000ಕ್ಕೆ ಬದಲಿಸಿ ಎಂದಿದ್ದರೆ ಅರ್ಧ ಬೆಲೆಯಲ್ಲಿ ಏನೂ ಉಳಿಯಲಿಲ್ಲ, ಅಲ್ವಾ? ಕೂಲಿ ಎರಡು ಸಲ ಹೋಯಿತು.

ಇನ್ವರ್ಟರ್ ಕಡೆ ಇನ್ನೂ ತಡವಾಗಿ ಬದಲಿಸುವುದು ವಾಡಿಕೆ. ಆದ್ದರಿಂದ ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ನಿಮ್ಮ ಮಾಡೆಲ್‌ಗೆ ಏನು ಬರೆದಿದೆ ನೋಡಿ, ಈಗಲೇ ಯಾಕೆ ಎಂದು ಸರ್ವೀಸ್ ಸೆಂಟರ್‌ನವರನ್ನು ಕೇಳಿ. ಕಾರಣ ಇದ್ದರೆ ಹೇಳುತ್ತಾರೆ. ಪುಸ್ತಕದ ಮಾತೇ ಕೊನೆ ಮಾತು.

ಇನ್ವರ್ಟರ್ ವಿಷಯದಲ್ಲಿ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಎಂದು ಹೇಳುತ್ತೇನೆ. ಎಂಜಿನ್ನಿನ ಕೂಲಂಟ್ 90 ಡಿಗ್ರಿ ಆಸುಪಾಸಿನಲ್ಲಿ ಓಡುತ್ತದೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಎಲೆಕ್ಟ್ರಾನಿಕ್ಸ್‌ಗೆ ಅಷ್ಟು ಬಿಸಿ ಆಗಿಬರುವುದಿಲ್ಲ. ಅದಕ್ಕೇ ಅದಕ್ಕೆ ಬೇರೆ ಟ್ಯಾಂಕು, ಬೇರೆ ಎಲೆಕ್ಟ್ರಿಕ್ ಪಂಪು, ಬೇರೆ ದಾರಿ. ಅಲ್ಲಿ ಹಿಡಿಯುವ ಕೂಲಂಟ್ ಕಮ್ಮಿ, ಹೋಗುವ ಸಂದಿಗಳು ಸಣ್ಣವು. ಒಂದಿಷ್ಟು ಗಸಿ ಕೂತರೂ, ಗಾಳಿ ಸಿಕ್ಕಿಕೊಂಡರೂ ಬಿಸಿ ಹೊರಗೆ ಬರುವುದಿಲ್ಲ. 2012ರಲ್ಲಿ ಟೊಯೊಟಾ ತನ್ನ ಎರಡನೇ ತಲೆಮಾರಿನ ಪ್ರಿಯಸ್ ಗಾಡಿಗಳನ್ನು ಈ ಪಂಪಿನ ತೊಂದರೆಗೇ ವಾಪಸ್ ಕರೆಸಿತ್ತು. ಅಲ್ಲಿ ತಪ್ಪು ಕೂಲಂಟಿನದಲ್ಲ, ಪಂಪಿನದು. ಆದರೂ ಈ ಪುಟ್ಟ ದಾರಿ ನಿಂತರೆ ಗಾಡಿಯೇ ನಿಲ್ಲಬಹುದು ಎಂದು ಅದರಿಂದ ಗೊತ್ತಾಯಿತು. ಇಷ್ಟು ಸ್ವಲ್ಪ ಕೂಲಂಟಿನಲ್ಲಿ, ಇಷ್ಟು ಅಪರೂಪಕ್ಕೆ ಬದಲಿಸುವ ಕಡೆ, ಇನ್ವರ್ಟರ್ ಬೆಲೆ ನೆನೆದರೆ ಕೆಲವು ನೂರು ರೂಪಾಯಿ ಉಳಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಇನ್ವರ್ಟರ್ ಕಡೆ ಕೂಲಂಟ್ ಬದಲಿಸಿದ ಮೇಲೆ ಒಳಗೆ ಸಿಕ್ಕ ಗಾಳಿ ತೆಗೆಯುವ ಕೆಲಸವನ್ನು ರಸ್ತೆ ಬದಿಯಲ್ಲಿ ಮಾಡಿಸಬೇಡಿ. ಇಲ್ಲಿ ಬೆಲ್ಟಿನಿಂದ ತಿರುಗುವ ಪಂಪಿಲ್ಲ. ತುಂಬಿಸಿ, ಪಂಪ್ ಓಡಿಸಿ, ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಸ್ಕ್ಯಾನ್ ಟೂಲ್ ಇರುವವರು ಪಂಪನ್ನು ಅದರಿಂದಲೇ ಓಡಿಸುತ್ತಾರೆ. ಗಾಡಿ 'ರೆಡಿ'ಯಲ್ಲಿದ್ದರೆ (ಡ್ಯಾಶ್‌ಬೋರ್ಡಿನಲ್ಲಿ READY ಎಂದು ಬಂದಿದ್ದರೆ) ಎಂಜಿನ್ ಸದ್ದಿಲ್ಲದಿದ್ದರೂ ಯಾವಾಗ ಬೇಕಾದರೂ ಶುರುವಾಗಬಹುದು. ಕೈ ದೂರ ಇರಲಿ. ಹೈ ವೋಲ್ಟೇಜ್ ಕರೆಂಟಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಹೈಬ್ರಿಡ್ ತರಬೇತಿ ಇರುವ ಮೆಕ್ಯಾನಿಕ್ ಬೇಕು ಎನ್ನುವುದು ಇದಕ್ಕೇ. ಮೈಸೂರು ಬೆಂಗಳೂರು ಎರಡೂ ಕಡೆ ಇದ್ದಾರೆ, ನಿಮಗೆ ಎರಡೂ ದೂರವಲ್ಲ.

ನೀರಿನ ವಿಷಯ ಹೇಳದೆ ಮುಗಿಸಲಾರೆ. ಗಟ್ಟಿ ಕೂಲಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಏನೂ ಬೇಡ. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದರೆ ಸಾಕು. ಫಾಸ್ಫೇಟ್ ಇರುವ ಕೂಲಂಟಿಗೆ ಆ ನೀರು ಬೆರೆಸಿದರೆ ಗಸಿ ಖಂಡಿತ. ಕಾವೇರಿ ನೀರು, ಆರ್‌ಓ ನೀರು ಕೂಡ ಬೇಡ. ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ, ಕೆಲವು ಮೆಷಿನ್ ರುಚಿಗೆ ಅಂತ ವಾಪಸ್ ಸೇರಿಸುತ್ತವೆ. ನನ್ನ ಪರಿಚಯದವರೊಬ್ಬರ ಗಾಡಿಗೆ ಒಂದು ಗ್ಯಾರೇಜಿನಲ್ಲಿ ನಲ್ಲಿ ನೀರು ಸುರಿದು ಕಳಿಸಿದ್ದರು. ಟ್ಯಾಂಕಿನ ತಳದಲ್ಲಿ ಮರಳಿನಂಥ ಬಿಳಿ ಪುಡಿ ಕೂತಿತ್ತು. ಎರಡು ಸಲ ತೊಳೆಸಿದ ಮೇಲೆ ಸರಿಹೋಯಿತು. ಇಂಥ ಗಾಡಿಗೆ ಕಂಪನಿ ಕೂಲಂಟ್ ಹಾಕಿದ್ದರೂ ಪ್ರಯೋಜನ ಇರುತ್ತಿರಲಿಲ್ಲ.

ಟಾಪ್ ಅಪ್‌ಗೆ ಮಾತ್ರ ಬೇಕಿದ್ದರೆ, ಈಗ ಒಳಗೆ ಇರುವುದನ್ನೇ ಹಾಕಿ. ಬೇರೆ ಬಗೆಗೆ ಹೋಗುವುದಾದರೆ ಹಳೆಯದನ್ನು ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಆಮೇಲೆ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಕೂಲಂಟ್ ಆರಿಸುವ ಮೊದಲು ಸೋರುವುದು ಎಲ್ಲಿ ಎಂದು ಹುಡುಕಿಸಿ. ಎಕ್ಸ್‌ಪ್ರೆಸ್‌ವೇಯಲ್ಲಿ ಇನ್ವರ್ಟರ್ ಬಿಸಿ, ಹೈಬ್ರಿಡ್ ಸಿಸ್ಟಂ ಎಂದು ಎಚ್ಚರಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಮದ್ದೂರು ಬರಲಿ ಎಂದು ಎಳೆಯಬೇಡಿ. ಬಿಸಿ ಇದ್ದಾಗ ಮುಚ್ಚಳ ತೆರೆಯಬೇಡಿ.

ವಾರಂಟಿ ಬಗ್ಗೆ ಕೇಳಿದ್ದಿರಿ. ಮಾಮೂಲಿ ವಾರಂಟಿ ಮುಗಿದರೂ ಹೈಬ್ರಿಡ್ ಬ್ಯಾಟರಿಗೆ ಟೊಯೊಟಾ ಕೊಡುವುದು 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ನೀವು ಅದರ ಅಂಚಿನಲ್ಲಿದ್ದೀರಿ. ಬ್ಯಾಟರಿಯನ್ನು ತಣ್ಣಗಿಡುವುದು ಕೂಲಂಟ್ ಅಲ್ಲ, ಗಾಡಿಯೊಳಗಿನ ಗಾಳಿ. ಅದರ ಜಾಲರಿ ಮುಂದೆ ಚೀಲ, ತೆಂಗಿನಕಾಯಿ ಮೂಟೆ ಇಡಬೇಡಿ, ಫಿಲ್ಟರ್ ಇದ್ದರೆ ಕ್ಲೀನ್ ಮಾಡಿಸಿ. ಕೂಲಂಟ್ ಯಾವುದೇ ಹಾಕಿಸಿ, ಬಿಲ್ಲು ಮತ್ತು ಕ್ಯಾನಿನ ಫೋಟೋ ಇಟ್ಟುಕೊಳ್ಳಿ.

ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಇರುವವರಿಗೂ ಇದರಲ್ಲಿ ಬಹಳಷ್ಟು ಅನ್ವಯಿಸುತ್ತದೆ, ಅದೂ ಹೈರೈಡರೂ ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿಗಳು, ಎಂಜಿನ್ ಟೊಯೊಟಾದ್ದೇ. ಹೋಂಡಾ ಸಿಟಿ ಹೈಬ್ರಿಡ್‌ನವರು ಹೋಂಡಾದ ಪುಸ್ತಕ ನೋಡಿ. ಪೂರ್ತಿ ಎಲೆಕ್ಟ್ರಿಕ್ ಗಾಡಿಗಳಲ್ಲಿ ಕೆಲವಕ್ಕೆ ಕರೆಂಟ್ ಹರಿಯದಂಥ ವಿಶೇಷ ಕೂಲಂಟೇ ಬೇಕು. ಅಲ್ಲಿ ಈ ಮೇಲಿನ ಸಡಿಲಿಕೆ ಬೇಡ.

ಇಳಿಸಿದ ಹಳೆಯ ಕೂಲಂಟನ್ನು ನಾಲೆಗೋ ಚರಂಡಿಗೋ ಬಿಡಬೇಡಿ. ಅದು ಸಿಹಿ, ನಾಯಿ, ಕರು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಕಿಡ್ನಿ ಹೋಗುತ್ತದೆ. ಕ್ಯಾನಿಗೆ ತುಂಬಿಸಿ ಮುಚ್ಚಿ, ವರ್ಕ್‌ಶಾಪಿಗೆ ಕೊಡಿ. ಮಕ್ಕಳ ಕೈಗೆ ಸಿಗುವ ಕಡೆ ಇಡಬೇಡಿ.

ಅಂಗಡಿಯವರು ತೋರಿಸಿದ ಕ್ಯಾನಿನ ಹಿಂಭಾಗದ ಫೋಟೋ ಇಲ್ಲಿ ಹಾಕಿ ಅಣ್ಣ. ಅಕ್ಷರ ಓದಲು ಬರುವ ಹಾಗೆ ಹತ್ತಿರದಿಂದ ತೆಗೆಯಿರಿ. ನೋಡಿ ಎಂಜಿನ್ ಕಡೆಗೆ ಆಗುತ್ತದೋ ಇಲ್ಲವೋ ಹೇಳುತ್ತೇನೆ.