ನಡು ಮಧ್ಯಾಹ್ನವೂ ಶವರ್‌ನಲ್ಲಿ ತಣ್ಣೀರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸಗೆಯ ಸ್ನಾನದ ನೀರಿನ ಬಗ್ಗೆಯೇ ಇವೆ. ಕಾಸರಗೋಡಿನಿಂದ ಅಕ್ಕಲಕೋಟೆವರೆಗೆ ದೂರು ಒಂದೇ, ಪರಿಹಾರ ಮಾತ್ರ ಊರಿಂದೂರಿಗೆ ಬೇರೆ. ನಿಮ್ಮ ಪ್ರಶ್ನೆ ಇಲ್ಲಿಲ್ಲದಿದ್ದರೆ ನಿಮ್ಮ ಊರಿನಂಥದೇ ಹವೆಯಿರುವ ಊರಿನ ಉತ್ತರ ಓದಿಕೊಳ್ಳಿ.

ಪ್ರಶ್ನೆ (ಬದಿಯಡ್ಕ): ಟೆರೇಸಿನ ಮೇಲೆ 1000 ಲೀಟರಿನ ಕಪ್ಪು ಟ್ಯಾಂಕಿ ಇದೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಎರಡರ ಮೇಲೆ ಶವರ್ ತಿರುಗಿಸಿದರೆ ಮೈ ಸುಡುತ್ತದೆ. ಬಾವಿಯ ನೀರು ಮಾತ್ರ ತಂಪಾಗಿಯೇ ಇದೆ. ನೀರು ತಣ್ಣಗೆ ಮಾಡುವ ಯಂತ್ರ ಹಾಕಿಸೋಣ ಎಂದಿದ್ದೇವೆ. ಯಾವುದು ಒಳ್ಳೆಯದು?

ಉತ್ತರ: ಯಂತ್ರದ ಮಾತು ಆಮೇಲೆ. ಉತ್ತರ ನಿಮ್ಮ ಪತ್ರದಲ್ಲೇ ಇದೆ: ಬಾವಿಯ ನೀರು ತಂಪು. ನೆಲದಡಿಯ ನೀರಿನ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ. ನಿಮ್ಮಲ್ಲಿ ಅದು 27-28 ಡಿಗ್ರಿ. ಸ್ನಾನಕ್ಕೆ ಅದಕ್ಕಿಂತ ತಂಪು ಬೇಕಾಗಿಲ್ಲ. ಅಂಥ ನೀರನ್ನು ಪಂಪು ಹಾಕಿ ಬಿಸಿಲಿಗೆ ಏರಿಸಿ ಕಾಯಿಸುವುದು, ಮತ್ತೆ ಕರೆಂಟು ಸುರಿದು ತಣಿಸುವುದು ಎರಡೆರಡು ಖರ್ಚು.

ಮೊದಲು ಬಿಸಿ ಎಲ್ಲಿ ಸೇರುತ್ತಿದೆ ಎಂದು ನೋಡಿ. ಮಧ್ಯಾಹ್ನ ಮೂರಕ್ಕೆ ಒಂದೇ ನಲ್ಲಿಯಿಂದ ಮೂರು ಬಕೆಟ್ ಹಿಡಿದು ಮೊದಲನೆಯದನ್ನೂ ಮೂರನೆಯದನ್ನೂ ಥರ್ಮಾಮೀಟರಿನಿಂದ ಅಳೆಯಿರಿ (ಜ್ವರ ನೋಡುವಂಥದ್ದಲ್ಲ, ಅಡುಗೆಗೆ ಅಥವಾ ಮೀನಿನ ತೊಟ್ಟಿಗೆ ಬಳಸುವಂಥದ್ದು). ಮೊದಲ ಬಕೆಟ್ ಮಾತ್ರ ಕುದಿಯುತ್ತಿದ್ದರೆ ತಪ್ಪು ಪೈಪಿನದು. ಒಂದಂಗುಲದ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಮೀಟರಿಗೆ 0.4 ಲೀಟರಿನಷ್ಟು ನೀರು ಹಿಡಿಯುತ್ತದೆ. ಬಿಸಿಲಿನಲ್ಲಿ 20 ಮೀಟರ್ ಮಲಗಿದ್ದರೆ ಎಂಟು ಲೀಟರ್ ಬಿಸಿನೀರು ತಯಾರಾಗಿ ಕೂತಿರುತ್ತದೆ. ಅದಕ್ಕೆ ಪೈಪನ್ನು ಗೋಡೆಯ ನೆರಳಿನ ಬದಿಗೆ ಸರಿಸಿದರೆ ಸಾಕು. ಬರೀ ನೈಟ್ರೈಲ್ ಫೋಮಿನ (ರಬ್ಬರಿನಂಥ ಮೆತ್ತನೆಯ) ಹೊದಿಕೆ ಸುತ್ತಿದರೆ ಬಿಸಿಯಾಗುವುದು ತಡವಾಗುತ್ತದೆ, ತಪ್ಪುವುದಿಲ್ಲ. ನಿಂತ ನೀರಲ್ಲವೇ? ಮೇಲಾಗಿ ಬಿಸಿಲಿಗೆ ಆ ಫೋಮು ಒಂದೆರಡು ವರ್ಷದಲ್ಲಿ ಬಿರುಕು ಬಿಡುತ್ತದೆ. ಮೇಲೆ ಅಲ್ಯುಮಿನಿಯಂ ಟೇಪು ಬೇಕೇ ಬೇಕು.

ಮೂರನೆಯ ಬಕೆಟ್ಟೂ ಬಿಸಿಯಿದ್ದರೆ ಟ್ಯಾಂಕಿಯದೇ ತಪ್ಪು. ಆಗ ಮಾಡಬೇಕಾದದ್ದು ಶವರಿಗೆ ಬೇರೆ ಟ್ಯಾಂಕಿ. 500 ಲೀಟರಿನದನ್ನು ನೆಲದ ಮೇಲೆ, ಮನೆಯ ಪೂರ್ವ ಬದಿಯಲ್ಲಿ, ಮಾಡಿನ ನೆರಳಿಗೆ ಇಡಿ. ಉತ್ತರ ಗೋಡೆಯೇ ತಂಪು ಎಂದು ಮೇಸ್ತ್ರಿ ಹೇಳಬಹುದು. ಆದರೆ ಏಪ್ರಿಲ್ ಕೊನೆಯಿಂದ ಕಾಸರಗೋಡಿನಲ್ಲಿ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಸರಿದಿರುತ್ತಾನೆ, ಆ ಲೆಕ್ಕ ಮೇ ತಿಂಗಳಲ್ಲಿ ನಡೆಯುವುದಿಲ್ಲ. ಬಾವಿಯಿಂದ ಬೆಳಗ್ಗೆ ಐದಕ್ಕೋ ಆರಕ್ಕೋ ತುಂಬಿಸಿ. ಟ್ಯಾಂಕಿಯ ಬುಡದಿಂದ ಒಂದಂಗುಲದ ಪೈಪು, ಅರ್ಧ ಎಚ್‌ಪಿ ಪ್ರೆಶರ್ ಪಂಪು, ಅಲ್ಲಿಂದ ಶವರಿಗೆ. ಪಂಪು ಟ್ಯಾಂಕಿಯ ನೀರಿನ ಮಟ್ಟಕ್ಕಿಂತ ಕೆಳಗಿರಲಿ, ಗಾಳಿ ಎಳೆಯುವುದಿಲ್ಲ. ನೇರ ಬಾವಿಯಿಂದಲೇ ಪ್ರೆಶರ್ ಪಂಪಿಗೆ ಎಳೆಸಲು ಹೋಗಬೇಡಿ. ಮೇಲೆ ಕೂತ ಪಂಪು ಆರೇಳು ಮೀಟರಿಗಿಂತ ಆಳದ ನೀರನ್ನು ಎತ್ತಲಾರದು, ಬೇಸಗೆಯಲ್ಲಿ ನಿಮ್ಮ ಬಾವಿಯ ನೀರು ಅದಕ್ಕಿಂತ ಕೆಳಗೆ ಇಳಿದಿರುತ್ತದೆ.

ಕರೆಂಟು ಹೋದಾಗ ಸ್ನಾನ ನಿಲ್ಲಬಾರದು. ಅದಕ್ಕೆ ಟೆರೇಸಿನ ಲೈನನ್ನೂ ಅದೇ ಶವರಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಿಕೊಳ್ಳಿ. ಇಲ್ಲಿಯೇ ಹೆಚ್ಚಿನವರು ಎಡವುವುದು: ಟೆರೇಸಿನಿಂದ ಬರುವ ಪೈಪಿಗೆ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು, ಹಾಕದೆ ಬಿಟ್ಟರೆ ಪಂಪು ನೆಲದ ನೀರನ್ನೆಲ್ಲ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಮೇಲೆ ಉಕ್ಕಿ ಹರಿಯುತ್ತದೆ, ಕೆಳಗೆ ಪಂಪು ನಿಲ್ಲುವುದೇ ಇಲ್ಲ. ಎರಡೂ ಲೈನಿಗೆ ಒಂದೊಂದು ಬಾಲ್‌ವಾಲ್ವು, ಒಂದೊಂದು ಎನ್‌ಆರ್‌ವಿ ಹಾಕಿ. ಎನ್‌ಆರ್‌ವಿಯ ಎರಡೂ ಬದಿಗೆ ಯೂನಿಯನ್ (ಬಿಚ್ಚಿ ಕೂಡಿಸುವ ಜೋಡಣೆ) ಇರಲಿ, ಕಸ ಸಿಕ್ಕಾಗ ಪೈಪು ಕತ್ತರಿಸದೆ ಬಿಚ್ಚಬಹುದು.

ಪಂಪಿನೊಡನೆ ಬರುವ ಪುಟ್ಟ ಪ್ರೆಶರ್ ಟ್ಯಾಂಕಿನ ಗಾಳಿಯ ಒತ್ತಡ, ಪಂಪು ಶುರುವಾಗುವ ಒತ್ತಡಕ್ಕಿಂತ 0.2 ಬಾರ್ ಕಡಿಮೆ ಇರಬೇಕು. 1.5 ಬಾರ್‌ಗೆ ಶುರುವಾಗುವ ಪಂಪಿಗೆ 1.3. ಗಾಳಿ ಇಳಿದರೆ ನಲ್ಲಿ ಸ್ವಲ್ಪ ತಿರುಗಿಸಿದರೂ ಪಂಪು ಟಕ್ ಟಕ್ ಎಂದು ನಿಂತು ನಿಂತು ಓಡುತ್ತದೆ, ಸ್ವಿಚ್ಚಿನ ಪಾಯಿಂಟು ಸುಟ್ಟುಹೋಗುತ್ತದೆ. ಲೈನಿನ ನೀರು ಪೂರ್ತಿ ಬಿಟ್ಟು, ಸೈಕಲ್ ಟೈರಿನ ಗೇಜಿನಲ್ಲಿ ನೋಡಿ, ಸೈಕಲ್ ಪಂಪಿನಿಂದಲೇ ತುಂಬಿಸಬಹುದು.

ಪ್ರಶ್ನೆ (ಅಕ್ಕಲಕೋಟೆ): ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು. ಟಾಕಿಗೆ ಗೋಣಿತಟ್ಟು ಸುತ್ತಿ ನೀರು ಹನಿಸಿದರೆ ತಂಪಾಗುತ್ತದೆ ಎನ್ನುತ್ತಾರೆ. ನಿಜವೇ? ಇಲ್ಲವೇ ಬರ್ಫ್ (ಮಂಜುಗಡ್ಡೆ) ಹಾಕುವುದೇ ಸುಲಭವೇ?

ಉತ್ತರ: ನಿಮ್ಮ ಊರಿಗೆ ನಿಜ, ಬದಿಯಡ್ಕಕ್ಕೆ ಸುಳ್ಳು. ನೀರು ಆರುವಾಗ ಎಷ್ಟರ ಮಟ್ಟಿಗೆ ತಣಿಯಬಹುದು ಎಂಬುದನ್ನು ಗಾಳಿಯ ತೇವವೇ ನಿರ್ಧರಿಸುತ್ತದೆ. 41 ಡಿಗ್ರಿ ಬಿಸಿಲು, ಶೇ. 20 ತೇವ ಇದ್ದರೆ ಆ ಕೆಳಮಿತಿ 23 ಡಿಗ್ರಿಯ ಹತ್ತಿರ. ಕರಾವಳಿಯ 34 ಡಿಗ್ರಿ, ಶೇ. 65 ತೇವದಲ್ಲಿ ಅದು 28ಕ್ಕೇ ನಿಂತುಬಿಡುತ್ತದೆ, ಅಂದರೆ ಬಾವಿ ನೀರಿನಷ್ಟೇ. ಒಂದು ಲೀಟರ್ ನೀರು ಆರಿ ಹೋದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಒಯ್ಯುತ್ತದೆ. 58 ಲೀಟರ್ ನೀರನ್ನು 10 ಡಿಗ್ರಿ ಇಳಿಸಲು ಅಷ್ಟು ಸಾಕು.

ಆದರೆ ಗೋಣಿಯ ಮೇಲೆ ನೇರ ಬಿಸಿಲು ಬಿದ್ದರೆ ಆ ತಂಪಿನಲ್ಲಿ ಹೆಚ್ಚಿನ ಪಾಲು ಬಿಸಿಲಿಗೇ ಹೋಗುತ್ತದೆ. ಮೊದಲು ನೆರಳು. ಟಾಕಿಯಿಂದ ಒಂದಡಿ ಎತ್ತರಕ್ಕೆ, ಪಡುವಣಕ್ಕೆ ಇಳಿಬಿದ್ದಂತೆ ಶೇ. 75ರ ಶೇಡ್‌ನೆಟ್ ಕಟ್ಟಿ. ನಾಲ್ಕೂ ಕಡೆ ಗಾಳಿ ಆಡಬೇಕು. ಆಮೇಲೆ ಗೋಣಿ. ಸೊಲ್ಲಾಪುರ ಜಿಲ್ಲೆಯಲ್ಲಿ ಹನಿ ನೀರಾವರಿಯ ಸಾಮಾನು ಹುಡುಕುವ ಕಷ್ಟವಿಲ್ಲ: 16 ಮಿ.ಮೀ. ಲ್ಯಾಟರಲ್ ಪೈಪನ್ನು ಟಾಕಿಯ ಕುತ್ತಿಗೆಗೆ ಸುತ್ತಿ, ಗಂಟೆಗೆ 2 ಲೀಟರ್ ಬಿಡುವ ನಾಲ್ಕು ಡ್ರಿಪ್ಪರ್ ಚುಚ್ಚಿ. ಹನ್ನೊಂದರಿಂದ ಐದರವರೆಗೆ ಬಿಟ್ಟರೆ 48 ಲೀಟರ್ ಖರ್ಚು. ಮೂರು ಪದರದ, ಒಳಗೆ ಫೋಮಿರುವ ಟಾಕಿಗೆ ಇದು ವ್ಯರ್ಥ, ಹೊರಗಿನ ತಂಪು ಒಳಗೆ ಹೋಗುವುದಿಲ್ಲ. ಒಂದೇ ಪದರದ್ದಕ್ಕೆ ಸರಿ. ನಿಮ್ಮ ಕಡೆಯ ಗಡಸು ನೀರು ಗೋಣಿಯಲ್ಲಿ ಬಿಳಿ ಉಪ್ಪು ಕಟ್ಟಿಸುತ್ತದೆ. ಗೋಣಿ ರಟ್ಟಿನಂತೆ ಗಡುಸಾಯಿತೆಂದರೆ ನೀರು ಹೀರುವುದು ನಿಂತಿತು. ಬಿಚ್ಚಿ ಒಗೆಯಿರಿ ಇಲ್ಲವೇ ಬದಲಿಸಿ.

ಟಾಕಿ ತುಂಬಿರುವುದೂ ಮುಖ್ಯ. 1000 ಲೀಟರನ್ನು 3 ಡಿಗ್ರಿ ಕಾಯಿಸುವ ಬಿಸಿಲು 300 ಲೀಟರನ್ನು 10 ಡಿಗ್ರಿ ಕಾಯಿಸುತ್ತದೆ. ನಸುಕಿನಲ್ಲೇ ಕಂಠಪೂರ್ತಿ ತುಂಬಿಸಿ.

ಬರ್ಫಿನ ಲೆಕ್ಕ: ಒಂದು ಕೆ.ಜಿ. ಬರ್ಫ್ ಕರಗಿ 28 ಡಿಗ್ರಿಗೆ ಬರುವಷ್ಟರಲ್ಲಿ 108 ಕಿಲೋ ಕ್ಯಾಲರಿ ಹೀರುತ್ತದೆ. 200 ಲೀಟರನ್ನು 38ರಿಂದ 28ಕ್ಕೆ ಇಳಿಸಲು ಹದಿನೆಂಟು-ಹತ್ತೊಂಬತ್ತು ಕೆ.ಜಿ. ಬೇಕು. ಮದುವೆ ಮನೆಗೆ ಒಂದು ದಿನಕ್ಕಾದರೆ ಆಗಲಿ, ದಿನಾ ಬೇಡ.

ಪ್ರಶ್ನೆ (ಆದೋನಿ): ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ನೀರೇ ಗತಿ. ಅದು ಬರುವಾಗಲೇ ಬಿಸಿ. ಹಾಗಾಗಿ ಚಿಲ್ಲರ್ (ನೀರು ತಣಿಸುವ ಯಂತ್ರ) ಹಾಕಲೇಬೇಕಾಗಿದೆ. ಮನೆಯಲ್ಲಿ ನಾಲ್ಕು ಜನ. ಎಷ್ಟು ಟನ್‌ನದು, ಪೈಪು ಹೇಗೆ?

ಉತ್ತರ: ನಿಮಗೆ ಬೇಕು, ಒಪ್ಪಿದೆ. ಗೀಸರ್ ಇನ್‌ಸ್ಟಂಟ್ ಆಗಿ ಕಾಯಿಸುವ ಹಾಗೆ ಹರಿಯುವ ನೀರನ್ನು ಆಗಿಂದಾಗ ತಣಿಸುವ ಆಸೆ ಮಾತ್ರ ಬಿಡಿ. ನಿಮಿಷಕ್ಕೆ 8 ಲೀಟರಿನ ಶವರ್, 40ರಿಂದ 28ಕ್ಕೆ ಇಳಿಸಲು ನಿಮಿಷಕ್ಕೆ 96 ಕಿಲೋ ಕ್ಯಾಲರಿ ತೆಗೆಯಬೇಕು. ಅದು ಸುಮಾರು ಎರಡು ಟನ್ ಎ.ಸಿ.ಯ ಪೂರ್ತಿ ಶಕ್ತಿ, ಒಂದು ಶವರಿಗೆ. ತಣಿಸಿ ಕೂಡಿಟ್ಟರೆ ಅರ್ಧ ಟನ್ ಸಾಕು.

100 ಲೀಟರನ್ನು 20 ಡಿಗ್ರಿಗೆ ತಣಿಸಿಡಿ. ಮಿಕ್ಸರಿನಲ್ಲಿ 40 ಡಿಗ್ರಿಯ ಮಾಮೂಲು ನೀರಿನೊಡನೆ ಬೆರೆಸಿದರೆ 28 ಡಿಗ್ರಿಯ ನೀರು ಸುಮಾರು 165 ಲೀಟರ್ ಸಿಗುತ್ತದೆ, ನಾಲ್ವರಿಗೆ ತಲಾ 40. ಅದಕ್ಕೆ ತೆಗೆಯಬೇಕಾದ ಶಾಖ 2000 ಕಿಲೋ ಕ್ಯಾಲರಿ. ಅರ್ಧ ಟನ್ನಿನ ಯಂತ್ರಕ್ಕೆ ಒಂದೂವರೆ ಗಂಟೆಯ ಕೆಲಸ. ನಿಮ್ಮ ಧಗೆಯಲ್ಲಿ ಒಂದು ಯೂನಿಟ್ಟಿನ ಆಸುಪಾಸು ಕರೆಂಟು.

ಟ್ಯಾಂಕಿಗೆ 50 ಮಿ.ಮೀ. ಪಫ್ (ಗಟ್ಟಿ ಫೋಮು) ಹೊದಿಕೆ ಇರಲಿ. ಪೈಪು ಜೋಡಿಸುವಾಗ ಪ್ಲಂಬರ್ ಅಭ್ಯಾಸಬಲದಿಂದ ಗೀಸರಿನಂತೆ ಮಾಡುತ್ತಾನೆ: ಒಳಬರುವುದು ಬುಡಕ್ಕೆ, ಹೊರಹೋಗುವುದು ನೆತ್ತಿಯಿಂದ. ತಣ್ಣೀರಿನ ಟ್ಯಾಂಕಿಗೆ ಇದು ತಲೆಕೆಳಗು. ಬಿಸಿನೀರು ಹಗುರ, ಬುಡಕ್ಕೆ ಬಿಟ್ಟರೆ ಮೇಲೇರುತ್ತ ಎಲ್ಲವನ್ನೂ ಕಲಸುತ್ತದೆ, ಇಬ್ಬರ ಸ್ನಾನಕ್ಕೇ ತಂಪು ಮುಗಿಯುತ್ತದೆ. ಹೊಸ ನೀರು ಮೇಲಿನಿಂದ ಮೆಲ್ಲಗೆ ಬರಲಿ, ಶವರಿನ ನೀರು ಬುಡದಿಂದ ಎರಡಂಗುಲ ಮೇಲೆ ಹೊರಡಲಿ. ಆ ಎರಡಂಗುಲ ಟ್ಯಾಂಕರ್ ನೀರಿನ ಕೆಸರಿಗೆ. ತೊಳೆದು ಬಿಡಲು ತಳದಲ್ಲಿ ಬೇರೊಂದು ವಾಲ್ವು.

ಮಿಕ್ಸರಿಗೆ ಬರುವ ಎರಡು ಲೈನುಗಳ ಒತ್ತಡ ಸಮ ಇರಬೇಕು. ತಣ್ಣೀರು ಪಂಪಿನಿಂದ, ಮಾಮೂಲು ನೀರು ಟೆರೇಸಿನಿಂದ ಎಂದಾದರೆ ಪಂಪಿನದೇ ಗೆಲ್ಲುತ್ತದೆ, ಮಿಕ್ಸರಿನೊಳಗಿಂದಲೇ ಇನ್ನೊಂದು ಲೈನಿಗೆ ನುಗ್ಗುತ್ತದೆ. ಎರಡೂ ಒಂದೇ ಎತ್ತರದಿಂದ ಬರಲಿ, ಅಥವಾ ಎರಡೂ ಒಂದೇ ಪಂಪಿನ ಮುಂದಿರಲಿ. ಎರಡನೆಯದಾದರೆ ತಣ್ಣೀರಿನ ಟ್ಯಾಂಕಿ ಒತ್ತಡ ತಡೆಯುವಂಥದ್ದೇ ಆಗಬೇಕು. ಲಾಫ್ಟಿನ ಮೇಲೆ ಇಡುವುದಾದರೆ ನೆನಪಿಡಿ, 100 ಲೀಟರ್ ನೀರೇ 100 ಕೆ.ಜಿ.

ಯಂತ್ರದಲ್ಲಿ ಫ್ಲೋ ಸ್ವಿಚ್ (ನೀರು ಹರಿಯದಿದ್ದರೆ ಕಂಪ್ರೆಸರ್ ನಿಲ್ಲಿಸುವಂಥದ್ದು) ಇದೆಯೇ ಎಂದು ಕೇಳಿ ಕೊಳ್ಳಿ. ನೀರು ಸುತ್ತಿಸುವ ಪಂಪು ಕೆಟ್ಟು ಕಂಪ್ರೆಸರ್ ಮಾತ್ರ ಓಡಿದರೆ ಒಳಗೆ ನೀರು ಹೆಪ್ಪುಗಟ್ಟಿ ಕಾಯಿಲ್ ಒಡೆಯುತ್ತದೆ, ಗ್ಯಾಸಿನ ದಾರಿಗೆ ನೀರು ನುಗ್ಗುತ್ತದೆ. ಆಮೇಲೆ ರಿಪೇರಿ ಎಂಬುದಿಲ್ಲ. ಬಿಸಿಗಾಳಿ ಊದುವ ಭಾಗ ಬಚ್ಚಲಿನೊಳಗಾಗಲಿ ಪಡುವಣ ಗೋಡೆಗಾಗಲಿ ಬೇಡ. ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್) ಇಲ್ಲದೆ ಚಾಲೂ ಮಾಡಬೇಡಿ. ಕುಡಿಯುವ ನೀರಿನ ಹಳೆ ಕೂಲರನ್ನು ಶವರಿಗೆ ಜೋಡಿಸುವವರಿದ್ದಾರೆ. ಅದು 10-15 ಡಿಗ್ರಿಗೆ ಇಳಿಸುತ್ತದೆ. ಕಾದ ಮೈಗೆ ಆ ನೀರು ಒಮ್ಮೆಲೇ ಬಿದ್ದರೆ ಉಸಿರು ಕಟ್ಟುತ್ತದೆ, ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ (ಹೊಸೂರು): ನಮಗೂ ಇಂಥ ಚಿಲ್ಲರ್ ಬೇಕಾಗಬಹುದೇ?

ಉತ್ತರ: ಬೇಡ. ನೆಲದಡಿಯ ಸಂಪಿನ ನೀರು ತಂಪಾಗಿಯೇ ಇರುತ್ತದೆ, ಅದನ್ನೇ ಬಳಸಿ.

ಪ್ರಶ್ನೆ (ರಾಯದುರ್ಗ): ಬಾಡಿಗೆ ಮನೆ. ಪೈಪು ಮುಟ್ಟುವಂತಿಲ್ಲ. ಬಚ್ಚಲಲ್ಲಿ 25 ಲೀಟರಿನ ಗೀಸರ್ ಇದೆ, ಬೇಸಗೆಯಲ್ಲಿ ಸುಮ್ಮನೆ ಇರುತ್ತದೆ. ಏನಾದರೂ ಉಪಾಯ?

ಉತ್ತರ: ಆ ಗೀಸರೇ ಉಪಾಯ. ಕೊಲ್ಲಿ ದೇಶಗಳಲ್ಲಿ ಬೇಸಗೆಗೆ ಮನೆಯೊಳಗಿನ ಹೀಟರ್ ಆರಿಸಿ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುವುದು ರೂಢಿ. ಗೀಸರಿನ ಹೊದಿಕೆ ಶಾಖವನ್ನು ಒಳಗೆ ಹಿಡಿದಿಡುವಂತೆ ಹೊರಗೂ ತಡೆಯುತ್ತದೆ. ಸ್ವಿಚ್ ಆರಿಸಿ, ಬೆಳಗ್ಗೆ ಐದೂವರೆಗೆ ಬಿಸಿನೀರಿನ ನಲ್ಲಿಯಿಂದ ಎರಡು ದೊಡ್ಡ ಬಕೆಟ್ ಹಿಡಿಯಿರಿ. ರಾತ್ರಿಯಿಡೀ ತಣಿದ ಟ್ಯಾಂಕಿಯ ನೀರು ಒಳಗೆ ತುಂಬಿಕೊಳ್ಳುತ್ತದೆ, ಸಂಜೆವರೆಗೂ ಹೆಚ್ಚು ಬಿಸಿಯಾಗುವುದಿಲ್ಲ. ಮಧ್ಯಾಹ್ನ ಬಿಸಿನೀರಿನ ಪಿಡಿ ಮಾತ್ರ ತಿರುಗಿಸಿ. 25 ಲೀಟರ್ ಪೂರ್ತಿ ಸಿಗದು, ಹಿಂದೆ ಹೇಳಿದಂತೆ ಬುಡಕ್ಕೆ ಬರುವ ಬಿಸಿ ನೀರು ಕಲಸಿಬಿಡುತ್ತದೆ. ಒಂದು ಬಕೆಟ್ಟಿಗೆ ಮೋಸವಿಲ್ಲ. ವಾರಕ್ಕೊಮ್ಮೆ 60 ಡಿಗ್ರಿಗೆ ಕಾಯಿಸಿ ಆ ನೀರನ್ನು ಹೊರಬಿಡಿ. 20ರಿಂದ 45 ಡಿಗ್ರಿಯಲ್ಲಿ ನಿಂತ ನೀರು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಇಷ್ಟ, ಶವರಿನ ತುಂತುರಿನೊಡನೆ ಅದು ಶ್ವಾಸಕೋಶ ಸೇರುತ್ತದೆ.

ಪ್ರಶ್ನೆ (ಕುಂಬಳೆ): ಕಳೆದ ವರ್ಷ ಚಿಲ್ಲರ್ ಹಾಕಿಸಿದೆವು, 20 ಡಿಗ್ರಿಗೆ ಇಟ್ಟಿದ್ದೇವೆ. ಈಗ ಪೈಪು ಹೋದ ದಾರಿಯುದ್ದಕ್ಕೂ ಕೆಂಪುಕಲ್ಲಿನ ಗೋಡೆ ಒದ್ದೆ, ಸುಣ್ಣ ಉದುರುತ್ತಿದೆ. ಪ್ಲಂಬರ್ ಲೀಕ್ ಇಲ್ಲ ಎನ್ನುತ್ತಾನೆ.

ಉತ್ತರ: ಅವನು ಹೇಳುವುದು ಸರಿಯಿರಬಹುದು. ಪಂಪು ನಿಲ್ಲಿಸಿ, ಲೈನಿನ ತುದಿ ಮುಚ್ಚಿ, ಒತ್ತಡದ ಗೇಜು ಒಂದು ಗಂಟೆ ಇಳಿಯದಿದ್ದರೆ ಲೀಕ್ ಅಲ್ಲ, ಪೈಪು ಬೆವರುತ್ತಿದೆ. ನಿಮ್ಮ ಬೇಸಗೆಯ ಗಾಳಿಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕಟ್ಟುತ್ತದೆ. ಆದೋನಿಯಲ್ಲಿ ಅದೇ ಪೈಪು ಒಣಗಿಯೇ ಇರುತ್ತಿತ್ತು, ಅಲ್ಲಿನ ಒಣ ಹವೆಯಲ್ಲಿ ಆ ಮಿತಿ 14ರ ಹತ್ತಿರ. ಇವತ್ತೇ ಮಾಡಬಹುದಾದದ್ದು ಥರ್ಮೋಸ್ಟಾಟನ್ನು 27ಕ್ಕೆ ಏರಿಸುವುದು. ಅದಕ್ಕಿಂತ ತಂಪು ಬೇಕೇ ಬೇಕೆಂದರೆ ಗೋಡೆ ಒಡೆದು 19 ಮಿ.ಮೀ. ನೈಟ್ರೈಲ್ ತೋಳು ತೊಡಿಸಬೇಕು, ಪ್ರತಿ ಎಲ್ಬೋ, ಟೀಗಳ ಸಂದನ್ನೂ ಅಂಟು ಹಚ್ಚಿ ಮುಚ್ಚಬೇಕು. ಗಾಳಿ ನುಸುಳಲು ಒಂದು ಸೀಳು ಉಳಿದರೂ ಹೊದಿಕೆಯೊಳಗೇ ಬೆವರು ಕೂಡುತ್ತದೆ, ಹೊರಗೆ ಕಾಣುವುದೂ ಇಲ್ಲ. ಇನ್ನೊಂದು: ಮುರಕಲ್ಲಿನ (ಕೆಂಪುಕಲ್ಲಿನ) ನೆಲದ ಬಾವಿ ನೀರು ಸಾಮಾನ್ಯವಾಗಿ ಹುಳಿಗುಣದ್ದು. ಚಿಲ್ಲರಿನ ಕಾಯಿಲ್ ತಾಮ್ರದ್ದಾಗಿದ್ದರೆ ಬಕೆಟ್ಟಿನಲ್ಲಿ, ಟೈಲ್ಸಿನ ಸಂದಿನಲ್ಲಿ ನೀಲಿ-ಹಸಿರು ಕಲೆ ಕಾಣುತ್ತದೆಯೇ ನೋಡಿ. ಕಂಡರೆ 316 ದರ್ಜೆಯ ಸ್ಟೀಲಿನ ಕಾಯಿಲಿಗೆ ಬದಲಿಸಿ.

ಪ್ರಶ್ನೆ (ಬಾಯಾರು): ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಅದರ ಬಾಯಲ್ಲಿ ಮಂಜಿನಂತೆ, ಮನೆಗೆ ಬರುವಾಗ ಬೆಚ್ಚಗೆ. ಮಧ್ಯೆ ನೂರು ಮೀಟರ್ ಕಪ್ಪು ಪೈಪು ಇದೆ.

ಉತ್ತರ: 32 ಮಿ.ಮೀ. ಪೈಪಾದರೆ ಆ ನೂರು ಮೀಟರಿನಲ್ಲಿ 60 ಲೀಟರಿನಷ್ಟು ನೀರು ನಿಂತು ಕಾಯುತ್ತದೆ. ಮಣ್ಣಿರುವಲ್ಲಿ ಒಂದೂವರೆ ಅಡಿ ಆಳಕ್ಕೆ ಹೂಳಿ. ಪಾದೆಯ (ಬಂಡೆಯ) ಮೇಲೆ ಅಗೆಯಲಾಗದಿದ್ದರೆ ಕಲ್ಲಿನ ಎರಡು ಸಾಲಿನ ನಡುವೆ ಪೈಪು ಮಲಗಿಸಿ, ಮೇಲೆ ಮಣ್ಣು, ಅದರ ಮೇಲೆ ಅಡಿಕೆ ಸೋಗೆ ಹೊದೆಸಿ. ವಾಲ್ವು ಮುಚ್ಚಿ ನೀರನ್ನು ಪೈಪಿನಲ್ಲಿ ನಿಲ್ಲಿಸುವ ಬದಲು ಸಣ್ಣಗೆ ಸದಾ ಹರಿಯಲು ಬಿಡಿ, ಮನೆಯ ಬಳಿ ನೆರಳಿನ ಟ್ಯಾಂಕಿಯಲ್ಲಿ ಹಿಡಿದು, ಹೆಚ್ಚಾದದ್ದನ್ನು ತೋಟಕ್ಕೆ ಬಿಡಿ. ಪೈಪು ಎಲ್ಲಾದರೂ ಗುಡ್ಡ ಹತ್ತಿ ಇಳಿದಿದ್ದರೆ ಆ ನೆತ್ತಿಯಲ್ಲಿ ಟೀ ಹಾಕಿ ಗಾಳಿ ಬಿಡಲು ಒಂದು ಪುಟ್ಟ ಕಾಕು (ನಲ್ಲಿ) ಕೂರಿಸಿ. ಬೇಸಗೆಯ ಸಣ್ಣ ಹರಿವಿನಲ್ಲಿ ಗಾಳಿ ಅಲ್ಲೇ ಕಟ್ಟುವುದು.