ಶಾಸ್ತ್ರದಲ್ಲಿಲ್ಲದ ಶಾಸ್ತ್ರ

ಪ್ರಶ್ನೆ: ಮಗಳ ಮದುವೆಯಲ್ಲಿ ಬಳೆ ಶಾಸ್ತ್ರ ಯಾವ ಗ್ರಂಥದಲ್ಲಿದೆಯೆಂದು ಪುರೋಹಿತರನ್ನು ಕೇಳಿದೆ. ‘ಅದು ಶಾಸ್ತ್ರದಲ್ಲಿಲ್ಲ, ಹೆಂಗಸರ ಶಾಸ್ತ್ರ’ ಎಂದುಬಿಟ್ಟರು. ಭೌತಶಾಸ್ತ್ರಕ್ಕೂ ಬಳೆ ಶಾಸ್ತ್ರಕ್ಕೂ ಒಂದೇ ಪದ ಹೇಗೆ ಬಂತು?
— ಓದುಗರೊಬ್ಬರು, ಹಾಸನ

ಉತ್ತರ: ಪುರೋಹಿತರು ಒಂದೇ ಉಸಿರಿನಲ್ಲಿ ಆ ಪದದ ಎರಡು ಅರ್ಥಗಳನ್ನೂ ಬಳಸಿದ್ದಾರೆ, ಎರಡೂ ಸರಿಯೇ. ಸಂಸ್ಕೃತದ ‘ಶಾಸ್’ ಧಾತುವಿಗೆ ಆಜ್ಞಾಪಿಸು, ಕಲಿಸು, ತಿದ್ದು ಎಂಬ ಅರ್ಥಗಳಿವೆ. ಕುಡಿಯುವ ಸಾಧನ ಪಾತ್ರ, ಉಡುವ ಸಾಧನ ವಸ್ತ್ರ ಆದಂತೆ, ‘ತ್ರ’ ಪ್ರತ್ಯಯ ಸೇರಿ ಕಲಿಸುವ ಸಾಧನ ಶಾಸ್ತ್ರವಾಯಿತು. ಶಾಸನ, ಶಾಸಕ, ಶಿಷ್ಯ ಇವೆಲ್ಲ ಅದೇ ಮನೆತನದವು. ಶಸ್ತ್ರ ಮಾತ್ರ ಅಲ್ಲ; ಅದು ಕತ್ತರಿಸು ಎಂಬರ್ಥದ ‘ಶಸ್’ ಧಾತುವಿನದು.

ವಿಧಿಯನ್ನು ಹೇಳುವ ಗ್ರಂಥದ ಹೆಸರು ಕನ್ನಡದಲ್ಲಿ ವಿಧಿಗೇ ಅಂಟಿಕೊಂಡಿತು. ಹೀಗಾಗಿ ಭೌತಶಾಸ್ತ್ರವನ್ನು ಓದುತ್ತೇವೆ, ಬಳೆ ಶಾಸ್ತ್ರವನ್ನು ‘ಮಾಡುತ್ತೇವೆ’. ಚಪ್ಪರದ ಶಾಸ್ತ್ರ, ಹೂ ಮುಡಿಸುವ ಶಾಸ್ತ್ರ, ಮನೆ ತುಂಬಿಸುವ ಶಾಸ್ತ್ರ, ಇವುಗಳಿಗೆ ಪುಸ್ತಕವಿಲ್ಲ. ಆದರೆ ಅರಿಶಿನ ಕುಟ್ಟುವ ಶಾಸ್ತ್ರದ ಹೊತ್ತಿನಲ್ಲಿ ಒರಳಿನ ಪಕ್ಕ ಕುಳಿತ ಅಜ್ಜಿ, ಒನಕೆಗೆ ಅರಿಶಿನದ ಕೊಂಬು ಕಟ್ಟಿದ್ದು ಸಡಿಲವಾಗಿದೆ, ಮೊದಲು ಹಿರಿಯ ಮುತ್ತೈದೆ ಕೈ ಹಾಕಲಿ, ಸೋಬಾನೆ ಯಾಕೆ ನಿಂತಿತು ಎಂದು ಒಬ್ಬೊಬ್ಬರನ್ನೂ ತಿದ್ದುತ್ತಿರುವುದನ್ನು ಕಂಡವರಿಗೆ, ‘ಶಾಸ್’ ಧಾತು ತನ್ನ ಮೂಲಾರ್ಥವನ್ನು ಬಿಟ್ಟುಕೊಟ್ಟಿಲ್ಲವೆಂಬುದು ತಿಳಿಯುತ್ತದೆ. (ಸೋಬಾನೆಯೂ ‘ಶೋಭನ’ದ ತದ್ಭವವೇ.) ಆದ್ದರಿಂದ ಇದನ್ನು ಪದದ ಅಪಭ್ರಂಶವೆನ್ನಲು ನನಗೆ ಮನಸ್ಸಿಲ್ಲ.

‘ಹೆಂಗಸರ ಶಾಸ್ತ್ರ’ ಎಂಬ ಮಾತಿನಲ್ಲಿ ತುಸು ಉದಾಸೀನವಿದ್ದರೆ, ಅದಕ್ಕೆ ಗ್ರಂಥಗಳ ಬೆಂಬಲವಿಲ್ಲ. ಮನೆಯಲ್ಲಿ ನಡೆಸುವ ಸಂಸ್ಕಾರಗಳ ವಿಧಿಯನ್ನು ಹೇಳುವ ಪ್ರಾಚೀನ ಗ್ರಂಥಗಳೇ ಗೃಹ್ಯಸೂತ್ರಗಳು. ಆಶ್ವಲಾಯನ ಗೃಹ್ಯಸೂತ್ರವು ವಿವಾಹದ ವಿಧಿಗಳ ವಿವರಣೆಯನ್ನು ಆರಂಭಿಸುವಾಗಲೇ ದೇಶಾಚಾರ, ಗ್ರಾಮಾಚಾರಗಳು ಬಗೆಬಗೆಯಾಗಿರುತ್ತವೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎನ್ನುತ್ತದೆ. ಆಪಸ್ತಂಬ ಗೃಹ್ಯಸೂತ್ರವಂತೂ ಇಂಥ ಆಚರಣೆಗಳನ್ನು ಸ್ತ್ರೀಯರಿಂದಲೇ ತಿಳಿಯಬೇಕೆಂದು ನೇರವಾಗಿ ವಿಧಿಸುತ್ತದೆ. ಅಂದರೆ ಬಳೆ ಶಾಸ್ತ್ರದ ವಿವರ ಶಾಸ್ತ್ರದಲ್ಲಿ ಇಲ್ಲದಿದ್ದರೂ, ಅದನ್ನು ಯಾರಲ್ಲಿ ಕೇಳಬೇಕೆಂಬುದು ಇದೆ; ನೀವು ಕೇಳಬೇಕಾಗಿದ್ದದ್ದು ಪುರೋಹಿತರನ್ನಲ್ಲ, ಮನೆಯ ಹಿರಿಯ ಹೆಂಗಸರನ್ನು.

ಈ ಪದಕ್ಕೆ ಕನ್ನಡದಲ್ಲಿ ಇನ್ನೊಂದು ತಿರುವೂ ಇದೆ. ಹೊಟ್ಟೆ ತುಂಬಿದೆ ಎಂದ ನೆಂಟರ ಎಲೆಗೆ ‘ಶಾಸ್ತ್ರಕ್ಕೆ ಒಂದು ಚೂರು’ ಎಂದು ಹೋಳಿಗೆ ಮುರಿದು ಹಾಕುವಾಗ, ಶಾಸ್ತ್ರವೆಂದರೆ ಗ್ರಂಥವೂ ಅಲ್ಲ, ವಿಧಿಯೂ ಅಲ್ಲ. ತಪ್ಪಿಸಬಾರದೆಂಬಷ್ಟಕ್ಕೆ ಮಾಡುವುದು ಎಂದಷ್ಟೇ ಅರ್ಥ. ಆ ಚೂರು ಎಷ್ಟು ದೊಡ್ಡದಿರಬೇಕೆಂಬುದನ್ನು ಮಾತ್ರ ಬಡಿಸುವವರೇ ನಿರ್ಧರಿಸುತ್ತಾರೆ.